ಹೊಟ್ಟೆ ಕಟ್ಟಬೇಡ, ಅವಸರ ಬಿಡು

ಮಗು, ದಿನಸಿ ಖರ್ಚು ಕೈಮೀರುತ್ತಿದೆ ಅಂತ ನೀನು ಬರೆದಿಟ್ಟ ಪಟ್ಟಿ ನೋಡಿದೆ. ತುಪ್ಪ ಬಂದ್. ಹಾಲು ಅರ್ಧ ಲೀಟರ್ ಕಡಿಮೆ. ಹಣ್ಣು ವಾರಕ್ಕೊಂದೇ ಸಲ. ಬೇಳೆ ಎರಡನೇ ದರ್ಜೆಯದು. ಮೊದಲು ಆ ಕಾಗದವನ್ನು ಹರಿದು ಬಿಸಾಡು. ಮನೆಮಂದಿಯ ತಟ್ಟೆಯಿಂದ ಎತ್ತಿ ಉಳಿಸುವ ದುಡ್ಡು ಉಳಿತಾಯವಲ್ಲ. ಅದು ನಾಳೆ ಔಷಧಿ ಅಂಗಡಿಗೆ ಹೋಗುತ್ತದೆ.

ನೀನು ಜಾಣೆ, ಆಫೀಸಿನಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡುತ್ತೀಯ. ಮನೆಯ ಲೆಕ್ಕ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಕತ್ತರಿಸುತ್ತೀಯ. ಕಳೆದ ಎರಡು ತಿಂಗಳ ಬಿಲ್ಲುಗಳನ್ನು ಮುಂದೆ ಹರಡಿಕೊ, ಫೋನಿನಲ್ಲಿರುವುದೂ ಸೇರಿ. ಅಕ್ಕಿ, ಬೇಳೆ, ತರಕಾರಿ, ಹಾಲು, ಎಣ್ಣೆ ಒಂದು ಕಡೆ ಬರೆ. ಪೊಟ್ಟಣ ಹರಿದು ತಿಂದದ್ದು, ಬಾಟಲಿಯಲ್ಲಿ ಕುಡಿದದ್ದು, ಮನೆ ಬಾಗಿಲಿಗೆ ತರಿಸಿಕೊಂಡ ಕೂಲಿ ಇನ್ನೊಂದು ಕಡೆ. ಕೂಡಿ ನೋಡಿದ ಮೇಲೆ ನೀನೇ ಸುಮ್ಮನಾಗುತ್ತೀಯ.

ಇದು ನಿನ್ನೊಬ್ಬಳ ಕಥೆಯಲ್ಲ. ಕೇಂದ್ರ ಸರ್ಕಾರ 2022-23ರಲ್ಲಿ ಮನೆಮನೆಯ ಖರ್ಚಿನ ಸಮೀಕ್ಷೆ ಮಾಡಿತು. ಅದರ ಪ್ರಕಾರ ಪಟ್ಟಣದ ಸಂಸಾರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಹೊಟ್ಟೆಗೆ ಹೋಗುವುದು ಸುಮಾರು 39. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಹತ್ತೂವರೆ ರೂಪಾಯಿಗೂ ಮೇಲೆ, ಪಾನೀಯ, ಹೊರಗಿನ ತಿಂಡಿ, ಸಿದ್ಧ ಆಹಾರಕ್ಕೆ. ಅಕ್ಕಿ, ಗೋಧಿ, ರಾಗಿ ಎಲ್ಲ ಧಾನ್ಯ ಸೇರಿದರೂ ಐದು ರೂಪಾಯಿ ಇಲ್ಲ. ಬೇಳೆಕಾಳಿಗೆ ಎರಡೂ ಇಲ್ಲ. ಈಗ ಹೇಳು, ಆ ಎರಡು ರೂಪಾಯಿಯ ಬೇಳೆಯಲ್ಲಿ ನೀನು ಏನು ಉಳಿಸಲು ಹೊರಟಿದ್ದೆ?

ನಿನ್ನ ದುಡ್ಡು ಹೋಗುತ್ತಿರುವುದು ಊಟಕ್ಕಲ್ಲ, ಅವಸರಕ್ಕೆ. ಸಂಜೆ ಏಳಕ್ಕೆ ಮನೆಗೆ ಬರುತ್ತೀಯ. ಫ್ರಿಜ್ ತೆರೆದು ಎರಡು ನಿಮಿಷ ನಿಲ್ಲುತ್ತೀಯ. ಏನೂ ಹೊಳೆಯುವುದಿಲ್ಲ. ಫೋನ್ ಎತ್ತುತ್ತೀಯ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಂತು, ಜೊತೆಗೆ ಚಿಪ್ಸ್ ಬಂತು, ಐಸ್‌ಕ್ರೀಮ್ ಬಂತು, ಏಕೆಂದರೆ ಕೊತ್ತಂಬರಿಯೊಂದನ್ನೇ ತರಿಸಿದರೆ ತಲುಪಿಸುವ ಶುಲ್ಕ ಬೀಳುತ್ತಿತ್ತು. ಶುಲ್ಕ ತಪ್ಪಿಸಲು ಮೂರು ಪಟ್ಟು ಖರ್ಚು ಮಾಡಿದೆ. ಬಿಲ್ಲಿನ ಕೆಳಗಡೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇನ್ನೊಂದು ಸಾಲು ಇರುತ್ತದೆ, ಅದನ್ನೂ ಓದು. ತಿಂಗಳಿಗೆ ಒಂದು ಸಲ ಹೀಗಾದರೆ ಯಾರೂ ಬೈಯುವುದಿಲ್ಲ. ದಿನಾ ಆದರೆ ಅದು ತೂತಿನ ಬಿಂದಿಗೆ, ಎಷ್ಟು ಸಂಬಳ ಸುರಿದರೂ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಬಲು ಸಣ್ಣದು. ರಾತ್ರಿ ಮಲಗುವ ಮುಂಚೆ ಅಡುಗೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿಕೊ: ಇವತ್ತು ಏನು ನೆನೆಹಾಕಬೇಕು? ಹುರುಳಿ, ಹೆಸರು, ಕಡಲೆ, ಅಲಸಂದೆ, ಯಾವುದಾದರೂ ಒಂದು ಪಾವು ನೀರಿಗೆ ಬಿದ್ದರೆ ನಾಳೆಯ ಅರ್ಧ ಅಡುಗೆ ನಿಶ್ಚಯವಾಯಿತು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಹೋಗು, ಸಂಜೆಗೋ ಮಾರನೆಯ ದಿನಕ್ಕೋ ಮೊಳಕೆ ಬಂದಿರುತ್ತದೆ. ಒಂದು ಪಾವು ಹೆಸರುಕಾಳು ಬಟ್ಟಲು ತುಂಬ ಆಗುತ್ತದೆ. ಅದೇ ಮೊಳಕೆಯ ಕಾಳನ್ನು ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ನೀನು ಅಲ್ಲಿ ಕೊಡುವುದು ನೀರಿನ ತೂಕಕ್ಕೂ ಡಬ್ಬಿಗೂ ಸೇರಿಸಿ. ಅಡುಗೆ ಬರುವುದು ದೊಡ್ಡ ವಿದ್ಯೆ ಅಂತ ನಿಮ್ಮ ಕಾಲದವರು ತಿಳಿದಿದ್ದೀರಿ. ನಾನು ಕಂಡ ಒಳ್ಳೆಯ ಸಂಸಾರಗಳಲ್ಲಿ ಕೈರುಚಿಗಿಂತ ಈ ರಾತ್ರಿಯ ಯೋಚನೆಯೇ ಮನೆ ನಡೆಸಿದ್ದು.

ದೋಸೆ ಹಿಟ್ಟಿನದೂ ಇದೇ ಮಾತು. ವಾರಕ್ಕೆ ಎರಡು ಪೊಟ್ಟಣ ತರಿಸುತ್ತೀಯ. ಒಂದು ಕೆಜಿ ರುಬ್ಬಿದ ಹಿಟ್ಟಿನಲ್ಲಿ ಅಕ್ಕಿ, ಉದ್ದು ಎರಡೂ ಸೇರಿ ಅರ್ಧ ಕೆಜಿ ಇರಲಾರದು, ಮಿಕ್ಕಿದ್ದು ನೀರು. ನಿನ್ನ ಮದುವೆಗೆ ಕೊಟ್ಟ ಗ್ರೈಂಡರ್ ಅಟ್ಟದ ಮೇಲಿದೆ, ನನಗೆ ಗೊತ್ತು. ಇಳಿಸು. ಶನಿವಾರ ಬೆಳಿಗ್ಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದು, ಒಂದು ಚಮಚ ಮೆಂತ್ಯ ನೆನೆಹಾಕಿ ಸಂಜೆ ರುಬ್ಬಿದರೆ ಭಾನುವಾರ ಇಡ್ಲಿ, ಸೋಮವಾರ ದೋಸೆ. ಬುಧವಾರದ ಹೊತ್ತಿಗೆ ಹುಳಿ ಬಂದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿಹಾಕಿ ಗುಂಡುಪೊಂಗಲು ಹುಯ್ಯಿ. ಹುಳಿ ಬಂತೆಂದು ಚೆಲ್ಲುವುದು ಬೇಡ, ಅದಕ್ಕೆ ಆ ಹುಳಿಯೇ ಬೇಕು.

ತರಕಾರಿಗೆ ಬಾ. ಹಾಪ್‌ಕಾಮ್ಸ್ ಮಳಿಗೆ ನಿನ್ನ ಆಫೀಸಿನ ದಾರಿಯಲ್ಲೇ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಬೆಂಗಳೂರಿಗೆ ತಲೆಮಾರುಗಳ ಕಾಲ ಹಣ್ಣು-ತರಕಾರಿ ಕೊಟ್ಟ ಸಂಸ್ಥೆ ಅದು. ಅಂದಂದಿನ ದರ ಹಲಗೆಯ ಮೇಲೆ ಬರೆದಿರುತ್ತಾರೆ. ಅಲ್ಲೇ ಕೊಳ್ಳಬೇಕು ಅಂತಿಲ್ಲ. ಆ ದರ ಕಣ್ಣಿಗೆ ಬಿದ್ದರೆ ಸಾಕು, ಬೇರೆ ಕಡೆ ನಿನ್ನ ಹತ್ತಿರ ಎಷ್ಟು ಕೇಳುತ್ತಿದ್ದಾರೆ ಅಂತ ಅಳೆಯಲು ಒಂದು ಗೆರೆ ಸಿಗುತ್ತದೆ. ವಾರಕ್ಕೊಮ್ಮೆ ಮಾರುಕಟ್ಟೆಗೆ ಕಾಲಿಟ್ಟು ನಡೆ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಗಾಂಧಿ ಬಜಾರು, ಹತ್ತಿರದ ಸಂತೆ, ಎಲ್ಲಾದರೂ ಸರಿ. ಪಟ್ಟಿ ಬರೆದುಕೊಂಡು ಹೋಗು, ಆದರೆ ತರಕಾರಿಯ ಹೆಸರು ಬರೆಯಬೇಡ. ‘ಎರಡು ಬಗೆ ಸೊಪ್ಪು, ಹುಳಿಗೆ ಒಂದು ಕಾಯಿ, ಪಲ್ಯಕ್ಕೆ ಎರಡು’ ಅಂತ ಬರೆ. ಯಾವುದು ರಾಶಿ ಬಿದ್ದಿದೆಯೋ ಅದನ್ನು ಕೊಳ್ಳು. ರಾಶಿ ಬಿದ್ದದ್ದೇ ಆ ಕಾಲದ ಬೆಳೆ, ಅದೇ ಅಗ್ಗ, ಅದೇ ರುಚಿ. ನೀನು ಬೀನ್ಸ್ ಬೇಕೆಂದು ಪಟ್ಟಿ ಹಿಡಿದು ಹೋಗಿ, ದುಬಾರಿಯಾದರೂ ಬೀನ್ಸೇ ತಂದು, ಪಕ್ಕದಲ್ಲಿ ಎಳೇ ಹೀರೆಕಾಯಿ ಬಿಟ್ಟು ಬರುತ್ತೀಯ.

2023ರ ಜುಲೈ ನೆನಪಿದೆಯಾ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಬೆಂಗಳೂರಿನಲ್ಲಿ ಕೆಜಿಗೆ ನೂರರ ಮೇಲೆ. ಮನೆಮನೆಯಲ್ಲೂ ಗೋಳು. ಯಾಕಪ್ಪಾ ಗೋಳು? ಹುಣಸೆಹಣ್ಣು ಎಲ್ಲಿ ಹೋಗಿತ್ತು? ನಿಂಬೆಹಣ್ಣು, ಮಾವಿನಕಾಯಿ ಒಣಗಿಸಿದ್ದು, ಪುನರ್ಪುಳಿ, ಮಜ್ಜಿಗೆ, ಹುಳಿಗೆ ನಮಗೆ ಎಷ್ಟು ದಾರಿಯಿದೆ! ಮೆಣಸಿನ ಸಾರು, ಮಜ್ಜಿಗೆಹುಳಿ, ನಿಂಬೆಹಣ್ಣಿನ ಸಾರು, ಗೊಜ್ಜು, ಒಂದಕ್ಕೂ ಟೊಮೆಟೊ ಬೇಡ. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಕೇಳುವವರಿಲ್ಲದೆ ಬಿದ್ದಿತ್ತು. ಎರಡು ತಿಂಗಳು ತಾಳಿಕೊಳ್ಳುವಷ್ಟು ಅಡುಗೆ ನಿನಗೆ ಗೊತ್ತಿದ್ದರೆ ಯಾವ ತರಕಾರಿಯ ಬೆಲೆ ಏರಿದರೂ ನಿನ್ನ ಮನೆಗೆ ಬಿಸಿ ತಟ್ಟುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬುಟ್ಟಿ ಹೊತ್ತು ಬರುವ ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಜಗ್ಗಾಡಬೇಡ. ಹವಾನಿಯಂತ್ರಿತ ಅಂಗಡಿಯಲ್ಲಿ ಹೇಳಿದ ಬೆಲೆ ಕೊಟ್ಟು ಬರುವ ನೀನು ಬೀದಿಯಲ್ಲಿ ಚೌಕಾಸಿ ಮಾಡಿದರೆ ನನಗೆ ಕೋಪ ಬರುತ್ತದೆ. ಅವಳ ಕೈಯಲ್ಲಿ ದಿನಾ ತೆಗೆದುಕೊಳ್ಳುವವಳಾಗು. ತಾನಾಗಿಯೇ ಒಂದು ಕಟ್ಟು ಕರಿಬೇವು ಸೇರಿಸುತ್ತಾಳೆ, ಹಳೆಯದನ್ನು ಒಳಗಿಟ್ಟು ಹೊಸದನ್ನು ಕೊಡುತ್ತಾಳೆ.

ಇನ್ನು ತಂದದ್ದನ್ನು ಪೂರ್ತಿ ಬಳಸುವ ವಿಚಾರ. ಇಲ್ಲಿ ನಿಮ್ಮ ಕೈ ಬಲು ದುಂದು. ನಮ್ಮ ಕಡೆಯ ಬಸ್ಸಾರನ್ನೇ ನೋಡು. ದಂಟಿನ ಸೊಪ್ಪು, ಅಲಸಂದೆಯೋ ತೊಗರಿಕಾಳೋ ಬೇಯಿಸಿ ಕಟ್ಟು ಬಸಿಯುತ್ತೇವೆ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಯಿ, ಹುಣಸೆ, ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಹಿಡಿ ರುಬ್ಬಿಹಾಕಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಬೇಯಿಸಿದ ನೀರಿನ ಸತ್ವ ಮೋರಿಗೆ ಹೋಗಲಿಲ್ಲ. ಬಿಸಿ ರಾಗಿಮುದ್ದೆಯ ಜೊತೆ ಇದನ್ನು ಉಂಡವರು ಬಡತನದ ಊಟ ಅಂತ ಅಂದಾರೆಯೇ? ಹಳೇ ಮೈಸೂರಿನ ಸಾಹುಕಾರರ ಮನೆಯಲ್ಲೂ ಇದೇ ಬೇಯುತ್ತಿತ್ತು.

ಹೀರೆಕಾಯಿ ಸಿಪ್ಪೆಯನ್ನು ಉದ್ದಿನಬೇಳೆ, ಮೆಣಸಿನಕಾಯಿ ಜೊತೆ ಹುರಿದು ಹುಣಸೆ, ಕಾಯಿ ಹಾಕಿ ರುಬ್ಬಿದರೆ ಚಟ್ನಿ. ಕಲ್ಲಂಗಡಿಯ ಬಿಳಿ ಭಾಗ ಕರಾವಳಿಯಲ್ಲಿ ದೋಸೆಯಾಗುತ್ತದೆ. ಹಲಸಿನ ಬೀಜ ಹುಳಿಗೆ. ದಂಟಿನ ಎಳೇ ಕಡ್ಡಿ ಹುಳಿಗೆ, ಎಲೆ ಪಲ್ಯಕ್ಕೆ. ಕೊತ್ತಂಬರಿ ಸೊಪ್ಪಿನ ಕಾಂಡ ಬಿಸಾಡುತ್ತೀಯಲ್ಲ, ಘಮ ಇರುವುದೇ ಅದರಲ್ಲಿ, ಸಾರಿಗೆ ಹಾಕು. ಸೊಪ್ಪು ತಂದ ಕೂಡಲೇ ತೊಳೆದು ಫ್ರಿಜ್ಜಿಗೆ ತುರುಕಬೇಡ, ಕೊಳೆಯುತ್ತದೆ. ಬಿಡಿಸಿ, ಒಣ ಬಟ್ಟೆಯಲ್ಲಿ ಸುತ್ತಿಡು, ಮಾಡುವಾಗ ತೊಳೆ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಡಬೇಡ, ಆಲೂಗಡ್ಡೆ ಬೇಗ ಮೊಳೆಯುತ್ತದೆ. ರಾತ್ರಿ ಉಳಿದ ಅನ್ನವನ್ನು ಒಲೆಯ ಪಕ್ಕ ಬಿಟ್ಟು ಮಲಗಬೇಡ, ಆರಿದ ತಕ್ಷಣ ಒಳಗಿಡು. ಬೆಳಿಗ್ಗೆ ಅದೇ ಚಿತ್ರಾನ್ನ.

ಅಕ್ಕಿ, ಬೇಳೆ ಅರ್ಧರ್ಧ ಕೆಜಿ ತರಿಸುವ ಚಟ ನಿಲ್ಲಿಸು. ಸೋನಾ ಮಸೂರಿಯ ಮೂಟೆಯೇ ತಾ. ನಿಮ್ಮ ಮನೆಗೆ ಜಾಸ್ತಿಯಾದರೆ ಪಕ್ಕದ ಮನೆಯವರ ಜೊತೆ ಹಂಚಿಕೊ. ಅಂಗಡಿಯಲ್ಲಿ 26 ಕೆಜಿ ಮೂಟೆ ಕಂಡು ಇದೇನು ವಿಚಿತ್ರ ತೂಕ ಅಂತ ಕೇಳಿದ್ದೆಯಲ್ಲ, 2022ರ ಜುಲೈನಲ್ಲಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಒಂದು ಕೆಜಿ ಹೆಚ್ಚು ತುಂಬಿದರೆ ತೆರಿಗೆ ಇಲ್ಲ. ಗಿರಣಿಯವರು ಅಷ್ಟು ಯೋಚನೆ ಮಾಡುವಾಗ ನೀನು ತೂಕ ಓದುವುದಕ್ಕೂ ಬೇಸರ ಪಡುತ್ತೀಯ. ಅಕ್ಕಿ ಹಳೆಯದೇ ಕೇಳು, ಅನ್ನ ಉದುರುದುರಾಗಿ ಒದಗುತ್ತದೆ. ಹೊಸ ಅಕ್ಕಿ ಮುದ್ದೆಯಾಗುತ್ತದೆ.

ಯಾವುದು ಯಾವಾಗ ಬರುತ್ತದೆ ಅಂತ ತಲೆಯಲ್ಲಿಟ್ಟುಕೊ. ಕಲಬುರಗಿಯ ತೊಗರಿ ಡಿಸೆಂಬರ್, ಜನವರಿಯಲ್ಲಿ ಕಣಕ್ಕೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚ್. ಹುಣಸೆ ಬೇಸಿಗೆಯ ಮುಖಕ್ಕೆ. ಆ ಹೊತ್ತಿನಲ್ಲಿ ಆರು ತಿಂಗಳಿಗಾಗುವಷ್ಟು ಕೊಂಡರೆ ಸರಕೂ ಹೊಸದು, ಬೆಲೆಯೂ ಹಿತ. ಬೇಳೆಗೆ ಎರಡು ಬಿಸಿಲು ಕಾಣಿಸಿ, ಅಂಗೈಗೆ ಹರಳೆಣ್ಣೆ ಸವರಿಕೊಂಡು ಉಜ್ಜಿ ಡಬ್ಬಿಗೆ ತುಂಬು, ಹುಳ ಬರುವುದಿಲ್ಲ. ರವೆ ಹುರಿದಿಡು. ಅಕ್ಕಿಗೆ ಒಣ ಬೇವಿನ ಎಲೆ. ರಾಗಿ ಮಾತ್ರ ಕಾಳಾಗಿ ವರ್ಷಗಟ್ಟಲೆ ಇರುತ್ತದೆ. ಹಿಂದೆ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಹಿಟ್ಟನ್ನು ತಿಂಗಳಿಗೆ ಬೇಕಾದಷ್ಟೇ ಮಾಡಿಸು.

ಆರೋಗ್ಯ ಅಂತ ನೀನು ತರುವ ಸಾಮಾನುಗಳ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕಿನೋವಾ ತಂದಿದ್ದೀಯ, ಪ್ರೋಟೀನ್ ಇದೆ ಅಂತ. ನೂರು ಗ್ರಾಂ ಕಿನೋವಾದಲ್ಲಿ ಪ್ರೋಟೀನ್ ಸುಮಾರು 14 ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿಲಿಗ್ರಾಂಗೆ ಕಡಿಮೆಯಿಲ್ಲ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ಸಿ ಜೀವಸತ್ವ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ನಿನ್ನನ್ನು ನೋಡಿಯೇ ಹುಟ್ಟಿರಬೇಕು. ಧಾರವಾಡದ ಕಡೆಯ ಗೆಳತಿಯರನ್ನು ಕೇಳು, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ರೊಟ್ಟಿಯ ಜೊತೆ ಎಷ್ಟು ಸೊಗಸು! ಚಿಯಾ ಬೀಜದ ಡಬ್ಬಿಯ ದುಡ್ಡಿಗೆ ಅದು ತಿಂಗಳುಗಟ್ಟಲೆ ಬರುತ್ತದೆ.

ಉಳಿಸಬಾರದ ಕಡೆಗಳೂ ಇವೆ, ಅದನ್ನೂ ಕೇಳು. ಅಗ್ಗಕ್ಕೆ ಸಿಕ್ಕಿತೆಂದು ಬಿಡಿ ಎಣ್ಣೆ, ಬಿಡಿ ಅರಿಸಿನ ಪುಡಿ, ಮೆಣಸಿನ ಪುಡಿ ತರಬೇಡ. ಪುಡಿಯಾದದ್ದರೊಳಗೆ ಏನಿದೆ ಅಂತ ಕಣ್ಣಿಗೆ ಕಾಣಿಸುವುದಿಲ್ಲ. ಇಡಿಯಾಗಿ ಕೊಂಡು ಪುಡಿ ಮಾಡಿಕೊ. ಸಾರಿನ ಪುಡಿ ಎರಡು ತಿಂಗಳಿಗೊಮ್ಮೆ ಮನೆಯಲ್ಲೇ ಹುರಿ. ಅರ್ಧ ಗಂಟೆಯ ಕೆಲಸ, ಬೆಲೆಯೂ ಅಗ್ಗ, ಘಮವಂತೂ ಪೊಟ್ಟಣಕ್ಕೆ ಬರುವುದೇ ಇಲ್ಲ. ಹಾಲು ಕಡಿಮೆ ಮಾಡಬೇಡ, ಮೊಸರಿನ ಪೊಟ್ಟಣ ನಿಲ್ಲಿಸು. ಅದೇ ಹಾಲಿಗೆ ಒಂದು ಚಮಚ ಹೆಪ್ಪು ಹಾಕಲು ಎಷ್ಟು ಹೊತ್ತು ಬೇಕು? ದುಬಾರಿ ಡಬ್ಬಿಯ ಗ್ರೀಕ್ ಯೋಗರ್ಟ್ ಬೇಕೆನಿಸಿದರೆ ಮನೆಯ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕು, ಇಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸು. ಕಾಫಿಪುಡಿ ಒಳ್ಳೆಯದೇ ತಾ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ನಮ್ಮ ರಾಜ್ಯದ್ದೇ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಚಿಕೋರಿ ಎಷ್ಟು ಅಂತ ಹೇಳಿ ಮಾಡಿಸಿಕೊ. ಬೆಳಿಗ್ಗೆ ಒಂದು ಲೋಟ ಚೆನ್ನಾದ ಕಾಫಿ ಕುಡಿದರೆ ಹೊರಗೆ ಇನ್ನೂರು ರೂಪಾಯಿಯ ಲೋಟಕ್ಕೆ ಮನಸ್ಸು ಹೋಗುವುದು ತಪ್ಪುತ್ತದೆ.

ಎಣ್ಣೆಯಲ್ಲಿ ಮಾತ್ರ ಅಳತೆ ಕಡಿಮೆ ಮಾಡು, ದರ್ಜೆ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ 30 ಗ್ರಾಂ ಒಳಗೆ ಸಾಕು. ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರು ಮೀರಬೇಕಿಲ್ಲ. ತಿಂಗಳ ಮೊದಲ ದಿನ ಅಷ್ಟನ್ನು ಎತ್ತಿಟ್ಟುಬಿಡು. ಎಣ್ಣೆಯ ಪೊಟ್ಟಣ ನೋಡುವಾಗ ತೂಕ ಓದು. ಒಂದು ಲೀಟರ್ ಅಂದರೆ 910 ಗ್ರಾಂ. ಈಗ ಅದೇ ಗಾತ್ರದಲ್ಲಿ ಕಾಣುವ 850, 800 ಗ್ರಾಂ ಪೊಟ್ಟಣಗಳೂ ಬಂದಿವೆ, ಬೆಲೆ ಕಡಿಮೆ ಅಂತ ಕೈ ಹಾಕುತ್ತೀಯ. ಗ್ರಾಂಗೋ ಕೆಜಿಗೋ ಎಷ್ಟು ಬಿತ್ತು ಅಂತ ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬ ನಿಯಮವೇ ಇದೆ. ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಅಂತ ನಂಬಬೇಡ, ಆ ಸಣ್ಣ ಅಕ್ಷರವನ್ನು ನಂಬು. ಒಂದು ಕೊಂಡರೆ ಒಂದು ಉಚಿತ ಅನ್ನುವ ಬಿಸ್ಕತ್ತು ಎರಡು ಪಟ್ಟು ಬೇಗ ಖಾಲಿಯಾಗುತ್ತದೆ, ಮಕ್ಕಳಿರುವ ಮನೆಯಲ್ಲಿ ಇದನ್ನು ನಾನು ಹೇಳಿಕೊಡಬೇಕಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಹುರಿಗಡಲೆ, ಬೆಲ್ಲ, ಕಡಲೆಕಾಯಿ ಇಟ್ಟು ನೋಡು. ಮೊದಲ ವಾರ ಮೂತಿ ಉಬ್ಬಿಸುತ್ತಾರೆ, ಎರಡನೇ ವಾರ ತಾವೇ ಕೈ ಹಾಕುತ್ತಾರೆ.

ಇದೆಲ್ಲ ಒಬ್ಬಳ ತಲೆಯ ಮೇಲೆ ಬೀಳುವ ಕೆಲಸವಲ್ಲ. ನಿನ್ನ ಗಂಡನಿಗೂ ಎರಡು ಕೈ ಇವೆ, ಕಾಳು ನೆನೆಹಾಕಲು ಒಂದು ಕೈ ಸಾಕು. ಸೊಪ್ಪು ಬಿಡಿಸುವುದು, ಹೆಪ್ಪು ಹಾಕುವುದು, ಭಾನುವಾರದ ಸಂತೆ, ಯಾವುದಾದರೂ ಎರಡು ಅವನ ಪಾಲಿಗೆ ಬರೆ. ಮೊದಲ ದಿನ ಬಲಿತ ಬೆಂಡೆಕಾಯಿ ತರುತ್ತಾನೆ. ಬೈಯಬೇಡ, ತುದಿ ಮುರಿದು ನೋಡುವುದು ಹೇಗೆ ಅಂತ ತೋರಿಸು.

ಎಲ್ಲವನ್ನೂ ಈ ತಿಂಗಳೇ ಮಾಡಲು ಹೊರಡಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಮೊದಲ ತಿಂಗಳು ಕಾಳು ನೆನೆಹಾಕುವುದು, ಮನೆಯ ಮೊಸರು, ಇವೆರಡೇ. ಅದು ಕೈಗೆ ಹತ್ತಿದ ಮೇಲೆ ಮೂಟೆ ಅಕ್ಕಿ, ವಾರದ ಸಂತೆ. ಮಗುವಿಗೆ ಜ್ವರ ಬಂದ ದಿನ, ಆಫೀಸಿನಲ್ಲಿ ರಾತ್ರಿ ಹತ್ತಾದ ದಿನ, ನಿನಗೇ ಮೈ ಸರಿಯಿಲ್ಲದ ದಿನ ಇರುತ್ತವೆ. ಅಂಥ ದಿನ ಪೊಟ್ಟಣದ ಹಿಟ್ಟೇ ತರಿಸಿ ಎರಡು ದೋಸೆ ಹುಯ್ದುಕೊಂಡು ತಿಂದು ಮಲಗು. ಆ ದಿನದ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲೂಬೇಡ.